ಟಾರ್ಚಿನ ಬೆಳಕಿನಲ್ಲಿ ಕಾಣದ್ದು

ನಮ್ಮ ಉಚ್ಚಿಲದಲ್ಲಿ ಒಂದು ಕಾಲಕ್ಕೆ ‘ಟಾಟಾಕ್ಕೆ ಹೋಗಿದ್ದಾರಂತೆ’ ಎಂದರೆ ಸಾಕಿತ್ತು, ಕೇಳಿದವರು ಮುಂದೆ ಏನನ್ನೂ ವಿಚಾರಿಸುತ್ತಿರಲಿಲ್ಲ. ತಲೆ ತಗ್ಗಿಸಿ ಒಂದು ಉಸಿರು ಬಿಟ್ಟು, ಮಳೆಯ ಸುದ್ದಿಯನ್ನೋ ಮೀನಿನ ಸುದ್ದಿಯನ್ನೋ ತೆಗೆಯುತ್ತಿದ್ದರು. ಟಾಟಾ ಎಂದರೆ ಮುಂಬಯಿಯ ಪರೇಲಿನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆ. ರೋಗದ ಹೆಸರು ನಾಲಗೆಗೆ ಬರಬಾರದೆಂದು ನಮ್ಮವರು ಆಸ್ಪತ್ರೆಯ ಹೆಸರನ್ನೇ ರೋಗಕ್ಕೆ ಇಟ್ಟುಬಿಟ್ಟಿದ್ದರು. ಹೆಸರು ಹೇಳಿದರೆ ಬರುತ್ತದೆ, ಹೇಳದಿದ್ದರೆ ದೂರವೇ ನಿಲ್ಲುತ್ತದೆ ಎಂಬ ಒಂದು ನಂಬಿಕೆ. ನಾನು ಟ್ರೇನಿಂಗ್ ಮುಗಿಸಿ ಬಂದ ಮಾಸ್ಟ್ರಾದರೂ ಆ ನಂಬಿಕೆಯಿಂದ ಹೊರಗಿದ್ದವನೇನೂ ಅಲ್ಲ. ಅದಕ್ಕೆ ನಾನು ತೆತ್ತ ಬೆಲೆಯ ಕತೆಯನ್ನೇ ಮೊದಲು ಹೇಳಬೇಕು.

1978ರ ಮಳೆಗಾಲ. ನಾನು ಶಾಲೆಗೆ ಸೇರಿ ಎರಡು ವರ್ಷವಾಗಿತ್ತು. ನಮ್ಮ ತಾಯಿಯ ಅಕ್ಕ, ನಮಗೆಲ್ಲ ದೊಡ್ಡಮ್ಮ, ಮೀನು ಮಾರಿ ನಾಲ್ಕು ಮಕ್ಕಳನ್ನು ಸಾಕಿದವರು. ದಡದಲ್ಲಿ ರಂಪಣಿ ಬಲೆ ಎಳೆದ ದಿನ ಬುಟ್ಟಿ ತುಂಬಿಸಿಕೊಂಡು, ತಲೆಯ ಮೇಲೆ ಸಿಂಬಿ ಇಟ್ಟು, ಮುದರಂಗಡಿಯ ಕಡೆಗೆ ಓಟದ ನಡಿಗೆಯಲ್ಲಿ ಹೋಗುತ್ತಿದ್ದರು. ಆ ನಡಿಗೆಗೆ ಅವರ ಸಂಗಾತಿ ಎಲೆಯಡಿಕೆ. ಚಿಪ್ಪಿನ ಸುಣ್ಣ ಸವರಿದ ಎಲೆ, ಒಂದು ಹೋಳು ಅಡಿಕೆ, ಹೆಬ್ಬೆರಳಿನಷ್ಟು ಹೊಗೆಸೊಪ್ಪು. ಅದು ಎಡಗೆನ್ನೆಯ ಸಂದಿಯಲ್ಲಿ ಕುಳಿತರೆ ಊಟಕ್ಕೆ ಮಾತ್ರ ಹೊರಗೆ ಬರುತ್ತಿತ್ತು. ಅದು ಹಸಿವನ್ನೂ ಹಲ್ಲುನೋವನ್ನೂ ಮರೆಸುತ್ತದೆ ಎನ್ನುತ್ತಿದ್ದರು.

ಆಟಿ ತಿಂಗಳ ಒಂದು ಸಂಜೆ ದೊಡ್ಡಮ್ಮ ನಮ್ಮ ಜಗಲಿಗೆ ಬಂದು ಕುಳಿತರು. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಗಾ, ಕೆನ್ನೆಯ ಒಳಗೆ ಎಂತದೋ ದೊರಗು ದೊರಗು ಆಗ್ತದೆ. ಸಾರಿನ ಖಾರ ತಾಗಿದರೆ ಉರಿ. ನೀನು ಕಲಿತವ ಅಲ್ವಾ, ಒಮ್ಮೆ ನೋಡು.”

ನಾನು ಟಾರ್ಚು ತಂದೆ. ಎಡಗೆನ್ನೆಯ ಒಳಭಾಗದಲ್ಲಿ ಎಂಟಾಣೆಯಷ್ಟು ಅಗಲಕ್ಕೆ ಬಿಳಿ ಕಲೆ, ಅದರ ನಡುವೆ ಹೆಸರುಕಾಳಿನಷ್ಟು ಕೆಂಪು ಹುಣ್ಣು. ಬೆರಳಿನಿಂದ ಒರಸಿದರೂ ಬಿಳಿ ಹೋಗಲಿಲ್ಲ. ಕಂಡದ್ದು ಇಷ್ಟು, ಇದಕ್ಕಿಂತ ಹೆಚ್ಚು ಕಾಣುವ ಅಗತ್ಯವೂ ಇರಲಿಲ್ಲ. ಆದರೆ ನಾನು ಹೇಳಿದ್ದು ಇದು: “ಸುಣ್ಣ ಹೆಚ್ಚಾಗಿ ಸುಟ್ಟದ್ದು ದೊಡ್ಡಮ್ಮಾ. ಎರಡು ದಿನ ತುಪ್ಪ ಹಚ್ಚಿ.”

ಡಾಕ್ಟರ ಹತ್ತಿರ ಹೋಗಿ ಎನ್ನಬಹುದಿತ್ತು. ಮನಸ್ಸಿನ ಮೂಲೆಯಲ್ಲಿ ಆ ಹೆಸರು ಸುಳಿದದ್ದೂ ನಿಜ. ಸುಳಿದದ್ದರಿಂದಲೇ ಟಾರ್ಚು ಆರಿಸಿದೆ. ಕಲಿತವನ ಮಾತು ಎಂದು ಅವರು ಏಳು ತಿಂಗಳು ತುಪ್ಪ ಹಚ್ಚಿದರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದರು ಎಂಬ ಗಾದೆಯನ್ನು ಮಕ್ಕಳಿಗೆ ಕಲಿಸುತ್ತಿದ್ದ ನಾನೇ ಉಗುರಿನ ಹೊತ್ತನ್ನು ಕಳೆದುಬಿಟ್ಟೆ.

1979ರ ಫೆಬ್ರವರಿಯಲ್ಲಿ ದವಡೆಯ ಕೆಳಗೆ ಗಂಟು ಕಂಡಿತು. ಪೇಟೆಯ ಡಾಕ್ಟರು ಕೆನ್ನೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ‘ಕತ್ತರಿ ತಾಗಿಸಿದರೆ ಹರಡುತ್ತದೆ’ ಎಂದು ಕೇರಿಯೆಲ್ಲ ಗದರಿತು. ಈ ಮಾತು ಇಂದಿಗೂ ಸತ್ತಿಲ್ಲ. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಅದು ಯಾವ ಜಾತಿಯ ಗಡ್ಡೆ ಎಂದು ಹೇಳಲಾಗುವುದಿಲ್ಲ, ಜಾತಿ ತಿಳಿಯದೆ ಮದ್ದು ಇಲ್ಲ. ದೊಡ್ಡಮ್ಮನ ರೋಗ ಹರಡಿದ್ದು ಡಾಕ್ಟರ ಕತ್ತರಿಯಿಂದಲ್ಲ, ನನ್ನ ತುಪ್ಪದಿಂದ.

ಎಲ್ಲಿಗೆ ಕರೆದೊಯ್ಯುವುದು? ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ 1973ರಲ್ಲೇ ಶುರುವಾಗಿತ್ತು. ಆದರೆ ಬೆಂಗಳೂರಿನಲ್ಲಿ ನಮಗೆ ಯಾರೂ ಇರಲಿಲ್ಲ. ಮುಂಬಯಿಯಲ್ಲಾದರೆ ಕೇರಿಯ ಪ್ರತಿ ಮನೆಯವರೂ ಒಬ್ಬರಿದ್ದರು. ನಮ್ಮ ಕರಾವಳಿಯವರು ಆ ಊರಿಗೆ ಹೋಗತೊಡಗಿ ಎಷ್ಟು ಕಾಲವಾಯಿತೆಂದರೆ, ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಹುಟ್ಟಿದ್ದು 1902ರಲ್ಲಿ. ಇಂಥ ರೋಗ ಒಂದು ದಿನಕ್ಕೆ ಮುಗಿಯುವುದಲ್ಲ, ತಿಂಗಳುಗಟ್ಟಲೆ ತಂಗಲು ಜಾಗ ಬೇಕು, ಗಂಜಿ ಬೇಯಿಸಿ ಕೊಡುವ ಕೈ ಬೇಕು. ಬಡವರು ಆಸ್ಪತ್ರೆಯನ್ನು ಆರಿಸುವುದು ಡಾಕ್ಟರನ್ನು ನೋಡಿ ಅಲ್ಲ, ನೆಂಟರ ಖೋಲಿಯನ್ನು ನೋಡಿ. ಹೀಗೆ ದೊಡ್ಡಮ್ಮ ಟಾಟಾಕ್ಕೆ ಹೊರಟರು. ಜೊತೆಗೆ ನಾನು.

ಆಗ ಕೊಂಕಣ ರೈಲು ಇರಲಿಲ್ಲ. ಮಂಗಳೂರಿನಿಂದ ಮುಂಬಯಿವರೆಗಿನ ಆ ದಾರಿ ಪೂರ್ತಿ ತೆರೆದದ್ದು 1998ರಲ್ಲಿ. ನಾವು ಬಸ್ಸಿನಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆ ದಾಟಿ ಹೋದೆವು. ಒಂದು ಹಗಲು, ಒಂದು ರಾತ್ರಿ, ಮತ್ತೂ ಸ್ವಲ್ಪ. ಬಾಯಿ ಪೂರ್ತಿ ತೆರೆಯಲಾಗದ ದೊಡ್ಡಮ್ಮನಿಗೆ ಹೋಟೆಲಿನಲ್ಲಿ ಕಾಫಿ ತಣಿಸಿ ಚಮಚದಲ್ಲಿ ಕೊಡುತ್ತಿದ್ದೆ. “ಎಂತ ರೋಗ ಅಂತ ಹೇಳಿದರು?” ಎಂದು ಅವರು ಕೇಳಿದ್ದು ಎರಡೇ ಸಲ. “ಗಂಟು, ತೆಗೆದರೆ ಆಯಿತು” ಎಂದೆ ಎರಡು ಸಲವೂ.

ಆ ಆಸ್ಪತ್ರೆಯ ಹುಟ್ಟಿನಲ್ಲೂ ಇಂಥದೇ ಒಂದು ಮನೆಯ ನೋವಿದೆ ಎಂದು ನನಗೆ ತಿಳಿದದ್ದು ಆಮೇಲೆ. ದೊರಾಬ್ಜಿ ಟಾಟಾ ಅವರ ಹೆಂಡತಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ 1931ರಲ್ಲಿ ತೀರಿಕೊಂಡರು. ಮರುವರ್ಷ ದೊರಾಬ್ಜಿಯೂ ಹೋದರು. ಅವರ ಹೆಸರಿನ ಟ್ರಸ್ಟು ಕಟ್ಟಿದ ಆಸ್ಪತ್ರೆ 1941ರ ಫೆಬ್ರವರಿ 28ರಂದು ತೆರೆಯಿತು. 1957ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅದನ್ನು ವಹಿಸಿಕೊಂಡಿತು, 1962ರಲ್ಲಿ ಅದು ಅಣುಶಕ್ತಿ ಇಲಾಖೆಗೆ ಸೇರಿತು. ಆಸ್ಪತ್ರೆಗೂ ಅಣುಶಕ್ತಿಗೂ ಏನು ಸಂಬಂಧ ಎಂದರೆ, ವಿಕಿರಣ. ನಮ್ಮವರ ಭಾಷೆಯಲ್ಲಿ ‘ಕರೆಂಟು ಕೊಡುವುದು.’ ರಾಂಟ್‌ಜೆನ್ 1895ರಲ್ಲಿ ಎಕ್ಸರೇ ಕಂಡ, 1898ರಲ್ಲಿ ಕ್ಯೂರಿ ದಂಪತಿ ರೇಡಿಯಂ ಕಂಡರು. ಹೊಸ ಕಿರಣಗಳಿಂದ ಗಡ್ಡೆ ಕರಗಿಸುವ ಪ್ರಯತ್ನ ಸ್ವಲ್ಪ ಕಾಲದಲ್ಲೇ ಶುರುವಾಯಿತು. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರ ಬಂತು. ಕಿರಣವು ಕಣದ ಒಳಗಿನ, ವಂಶವಾಹಿ ಇರುವ ಎಳೆಯನ್ನು ತುಂಡರಿಸುತ್ತದೆ. ಒಳ್ಳೆಯ ಕಣ ತನ್ನ ಗಾಯವನ್ನು ಹೆಚ್ಚುಕಡಿಮೆ ರಿಪೇರಿ ಮಾಡಿಕೊಳ್ಳುತ್ತದೆ, ಗಡ್ಡೆಯ ಕಣಕ್ಕೆ ಅಷ್ಟು ಸಾಮರ್ಥ್ಯವಿಲ್ಲ. ಆದ್ದರಿಂದಲೇ ಒಂದೇ ಸಲ ಸುಡದೆ, ವಾರಕ್ಕೆ ಐದು ದಿನದಂತೆ ಆರೇಳು ವಾರ, ಸ್ವಲ್ಪ ಸ್ವಲ್ಪವಾಗಿ ಕೊಡುವುದು. ನಡುವೆ ‘ಸಾಕು, ಊರಿಗೆ ಹೋಗುವಾ’ ಎಂದು ಬಿಟ್ಟು ಬಂದವರ ಗತಿ ಏನಾಗುತ್ತದೆ ಎಂಬುದನ್ನು ಈ ಲೆಕ್ಕದಿಂದ ತಿಳಿಯಬಹುದು.

ದೊಡ್ಡಮ್ಮನಿಗೆ ಮೊದಲು ಆಪರೇಷನ್, ಕೆನ್ನೆಯ ಜೊತೆ ದವಡೆಯ ಒಂದು ಭಾಗ ಹೋಯಿತು. ಆಮೇಲೆ ಕರೆಂಟು. ಮೂರನೆಯ ವಾರ ಬಾಯೆಲ್ಲ ಹುಣ್ಣಾಗಿ ಮೂಗಿನ ನಳಿಗೆಯಲ್ಲಿ ಗಂಜಿ ತಿಳಿ ಕೊಡಬೇಕಾಯಿತು. ಒಂದು ದಿನ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಿದ್ದಾಗ ಅವರು ಗೋಡೆಯ ಮೇಲಿನ ಚಿತ್ರ ತೋರಿಸಿ, ತೊದಲು ಮಾತಿನಲ್ಲಿ, “ಡೆಂಜಿ ಯಾಕೆ ಇಲ್ಲಿ?” ಎಂದರು. ತುಳುವಿನಲ್ಲಿ ಡೆಂಜಿ ಎಂದರೆ ಏಡಿ. ಇನ್ನು ಸುಳ್ಳು ಹೇಳುವ ತ್ರಾಣ ನನಗಿರಲಿಲ್ಲ. ಗ್ರೀಸಿನ ಹಳೆಯ ವೈದ್ಯರು ಗಡ್ಡೆಯ ಸುತ್ತ ಕಾಲಿನಂತೆ ಹರಡಿದ ನರಗಳನ್ನು ಕಂಡು ಈ ರೋಗಕ್ಕೆ ಏಡಿ ಎಂದೇ ಹೆಸರಿಟ್ಟರಂತೆ, ಲ್ಯಾಟಿನ್ನಿನ ಕ್ಯಾನ್ಸರ್ ಎಂದರೂ ಅದೇ, ನಮ್ಮ ಕರ್ಕಾಟಕ ರಾಶಿಯೂ ಅದೇ ಎಂದೆ. ನಿಮ್ಮದೂ ಅದೇ ದೊಡ್ಡಮ್ಮಾ ಎಂದೆ.

ಅವರು ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಡೆಂಜಿಯಾದರೆ ಹಿಡಿಯುವ ಕ್ರಮ ಉಂಟು ಮಗಾ. ಎದುರಿಂದ ಕೈ ಹಾಕಿದರೆ ಕಚ್ಚುತ್ತದೆ, ಹಿಂದಿನಿಂದ ಹಿಡಿಯಬೇಕು. ಮೊದಲೇ ಹೇಳಿದ್ದರೆ ಗೊತ್ತಾಗ್ತಿತ್ತು” ಎಂದರು. ಏಳು ತಿಂಗಳ ತುಪ್ಪದ ಬಗ್ಗೆ ಅವರು ಆಡಿದ ಮಾತು ಇದೊಂದೇ. ಆಮೇಲೆ ಅವರು ಡಾಕ್ಟರೊಡನೆ ತಾವೇ ಕೈಸನ್ನೆ ಮಾಡಿ ಪ್ರಶ್ನೆ ಕೇಳತೊಡಗಿದರು, ನಳಿಗೆಗೆ ಎಷ್ಟು ಗಂಜಿ ಎಂದು ತಾವೇ ಅಳತೆ ಹೇಳತೊಡಗಿದರು. ರೋಗಿಗೆ ಹೇಳಿದರೆ ಎದೆಯೊಡೆದು ಹೋಗುತ್ತಾರೆ ಎಂದು ನಾವು ಹೆದರುತ್ತೇವೆ. ನಾನು ಕಂಡಂತೆ ಎದೆ ಒಡೆಯುವುದು ಮನೆಯವರೆಲ್ಲ ಗುಟ್ಟಿನಲ್ಲಿ ಮಾತಾಡಿ, ಅವರು ಬಂದ ಕೂಡಲೇ ಬಾಯಿ ಮುಚ್ಚಿಕೊಂಡಾಗ.

ಊರಿಗೆ ಬಂದ ಮೇಲೆ ಎಂಟು ತಿಂಗಳು ಚೆನ್ನಾಗಿಯೇ ಇದ್ದರು. 1980ರ ಬೇಸಗೆಯಲ್ಲಿ ಕುತ್ತಿಗೆಯಲ್ಲಿ ಮತ್ತೆ ಗಂಟು. ಕೊನೆಯ ಎರಡು ತಿಂಗಳ ನೋವನ್ನು ಬರೆಯಲು ನನಗೆ ಈಗಲೂ ಕೈ ಏಳುವುದಿಲ್ಲ. ರಾತ್ರಿ ಕಡಲಿನ ಸದ್ದಿಗಿಂತ ಮೇಲೆ ಅವರ ಸದ್ದು ಕೇಳುತ್ತಿತ್ತು. ನೋವಿನ ಮಾತ್ರೆ ಎಂದರೆ ಅಂಗಡಿಯಲ್ಲಿ ಸಿಗುವ ಮಾತ್ರೆ, ಅಷ್ಟೇ ನಮಗೆ ಗೊತ್ತಿದ್ದದ್ದು. ಅಫೀಮಿನಿಂದ ತೆಗೆಯುವ ಮಾರ್ಫಿನ್ ಇಂಥ ನೋವಿಗೆ ಮದ್ದು, ಅದನ್ನು ಹೊತ್ತು ಹೊತ್ತಿಗೆ ಬಾಯಿಯಲ್ಲೇ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದ್ದು 1986ರಲ್ಲಿ. ವಿಪರ್ಯಾಸವೆಂದರೆ ಅದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ಮಾದಕ ವಸ್ತುಗಳ ಕಾನೂನು ಬಂದು, ಒಂದೊಂದು ರಾಜ್ಯದಲ್ಲಿ ಒಂದೊಂದು ಪರವಾನಗಿಯ ಬೇಲಿ ಎದ್ದು, ಅಫೀಮು ಬೆಳೆಯುವ ನಮ್ಮ ದೇಶದಲ್ಲೇ ರೋಗಿಗಳಿಗೆ ಸಿಗುವ ಮಾರ್ಫಿನ್ ಹತ್ತು ಹನ್ನೆರಡು ವರ್ಷಗಳಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಇಳಿದುಹೋಯಿತು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಶಮನದ ಸಂಘ ಕಟ್ಟಿ, ಮನೆಮನೆಗೆ ಹೋಗಿ ಆರೈಕೆ ಮಾಡುವುದನ್ನು ಕಲಿಸಿದರು. ಬೆಂಗಳೂರಿನಲ್ಲಿ 1999ರಲ್ಲಿ ಕರುಣಾಶ್ರಯ ತೆರೆಯಿತು. 2014ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ಬೇಲಿ ಸ್ವಲ್ಪ ಸಡಿಲಾಯಿತು. ಗುಣವಾಗದ ರೋಗಕ್ಕೂ ಚಿಕಿತ್ಸೆ ಇದೆ, ನೋವಿಲ್ಲದೆ ಮಲಗುವುದು ರೋಗಿಯ ಹಕ್ಕು. ‘ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂಬ ಮಾತು ಕೇಳಿದವರು ‘ನೋವಿಗೆ ಏನು ಮಾಡುತ್ತೀರಿ?’ ಎಂದು ತಿರುಗಿ ಕೇಳಲೇಬೇಕು. ನಾವು ಕೇಳಲಿಲ್ಲ.

ದೊಡ್ಡಮ್ಮ ಹೋದ ಮೇಲೆ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಪ್ರಾಯಶ್ಚಿತ್ತ ಎನ್ನಿ. ಮೊದಲು ತಿಳಿದದ್ದು, ಇದು ಒಂದು ರೋಗವಲ್ಲ, ಒಂದೇ ಹೆಸರಿನ ನೂರಕ್ಕೂ ಮಿಕ್ಕಿದ ರೋಗಗಳು ಎಂಬುದು. ಬಾಯಿ, ಸ್ತನ, ಗರ್ಭಕಂಠ, ಕರುಳು ಇವುಗಳ ಒಳಪೊರೆಯಲ್ಲಿ ಹುಟ್ಟುವುದು ಒಂದು ಬಗೆ, ಎಲುಬು ಮಾಂಸಗಳಲ್ಲಿ ಹುಟ್ಟುವುದು ಇನ್ನೊಂದು, ರಕ್ತದ್ದು ಮತ್ತು ಹಾಲುರಸದ ಗ್ರಂಥಿಗಳದ್ದು ಬೇರೆಯೇ. ಗಂಟೇ ಇಲ್ಲದ ರಕ್ತದ ಕ್ಯಾನ್ಸರಿಗೆ ಕತ್ತಿ ಏನು ಮಾಡೀತು? ಅದಕ್ಕೆ ಮದ್ದೇ ಬೇಕು. ಅಲ್ಲಿ ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಬರುತ್ತಾರೆ. ಅಮೆರಿಕದ ಲೆಡರ್ಲಿ ಕಂಪೆನಿಯಲ್ಲಿ ಅವರ ತಂಡ ಮಾಡಿಕೊಟ್ಟ ಮದ್ದಿನಿಂದಲೇ ಸಿಡ್ನಿ ಫಾರ್ಬರ್ ಎಂಬ ಡಾಕ್ಟರು ಮಕ್ಕಳ ರಕ್ತದ ಕ್ಯಾನ್ಸರು ಸ್ವಲ್ಪ ಕಾಲವಾದರೂ ಹಿಮ್ಮೆಟ್ಟುವುದನ್ನು 1948ರಲ್ಲಿ ಲೋಕಕ್ಕೆ ತೋರಿಸಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಇನ್ನೊಂದು ಮದ್ದು ನಮ್ಮ ಅಂಗಳದ ಹೊಯಿಗೆಯಲ್ಲಿ ತಾನಾಗಿ ಬೆಳೆಯುವ ನಿತ್ಯಪುಷ್ಪದ್ದು, ಕೆಲವರು ಕಾಶಿಕಣಗಿಲೆ ಎನ್ನುವ ಗಿಡ. ಅದರ ಎಲೆಯಿಂದ ತೆಗೆದ ವಿನ್‌ಕ್ರಿಸ್ಟಿನ್ 1960ರ ದಶಕದಿಂದ ಮಕ್ಕಳ ಚಿಕಿತ್ಸೆಯಲ್ಲಿದೆ. ಹಾಗೆಂದು ಎಲೆ ಜಗಿಯಬಾರದು, ಅದು ವಿಷ. ತೂಕ ಮಾಡಿ, ರಕ್ತ ಪರೀಕ್ಷಿಸಿ, ನರಕ್ಕೆ ಕೊಡುವ ಮದ್ದು. ಒಂದು ಕಾಲಕ್ಕೆ ಮಗುವಿನ ರಕ್ತದ ಕ್ಯಾನ್ಸರ್ ಎಂದರೆ ಮುಗಿಯಿತು ಎಂದೇ ಲೆಕ್ಕ. ಇಂದು ಪೂರ್ತಿ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಹೆಚ್ಚಿನವರು ಉಳಿಯುತ್ತಾರೆ.

ಎರಡನೆಯದು ತಿಳಿದಾಗ ಸ್ವಲ್ಪ ಇರಿಸುಮುರಿಸಾಯಿತು. ಹೊಗೆಸೊಪ್ಪು ಕೆಟ್ಟದ್ದು, ಅಡಿಕೆ ಒಳ್ಳೆಯದು ಎಂದು ನಾನು ಬಹುಕಾಲ ಹೇಳುತ್ತಿದ್ದೆ. ಹೊಗೆಸೊಪ್ಪು ಪೋರ್ಚುಗೀಸರ ಕಾಲದಲ್ಲಿ ಬಂದದ್ದು, ಎಲೆಯಡಿಕೆ ನಮ್ಮ ಪೂರ್ವಿಕರದ್ದು ಎಂಬ ಅಭಿಮಾನ ಬೇರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆಯಡಿಕೆಯನ್ನೂ, 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ದೈವಕ್ಕೂ ಮದುವೆಗೂ ಅಡಿಕೆ ಇಡುವ, ಅಡಿಕೆಯಿಂದಲೇ ಬದುಕುವ ಜಿಲ್ಲೆಗಳ ನಡುವೆ ಕುಳಿತು ಇದನ್ನು ಬರೆಯುವುದು ಸುಲಭವಲ್ಲ. ತಟ್ಟೆಯಲ್ಲಿ ಇಡುವುದಕ್ಕೂ ಕೆನ್ನೆಯಲ್ಲಿ ಇಡುವುದಕ್ಕೂ ವ್ಯತ್ಯಾಸವಿದೆ ಎಂದಷ್ಟೇ ಹೇಳಬಲ್ಲೆ. ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆಯದ್ದೊಂದು, ಹೊಗೆಸೊಪ್ಪಿನದ್ದೊಂದು ಎಂದು ಎರಡು ಚೀಟು ಮಾಡಿ ಮಾರತೊಡಗಿದರು, ಗಿರಾಕಿ ಅಂಗೈಯಲ್ಲಿ ಸೇರಿಸಿಕೊಂಡ.

ಮೂರನೆಯದು ನನ್ನನ್ನು ಕಲಕಿದ್ದು. ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ 1996ರಿಂದ ಒಂದು ಅಧ್ಯಯನ ನಡೆಯಿತು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ನೋಡುವುದು, ಸಂಶಯ ಬಂದವರನ್ನು ಡಾಕ್ಟರ ಹತ್ತಿರ ಕಳಿಸುವುದು. ಇಷ್ಟೇ, ದೊಡ್ಡ ಯಂತ್ರವಿಲ್ಲ. 2005ರಲ್ಲಿ ಲೆಕ್ಕ ಹೊರಬಂತು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ, ಹೀಗೆ ನೋಡದೆ ಬಿಟ್ಟ ಊರುಗಳಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಆ ಕಾರ್ಯಕರ್ತರ ಕಣ್ಣು ನನ್ನ ಕಣ್ಣಿಗಿಂತ ಚುರುಕೇನಲ್ಲ. ಒರಸಿದರೂ ಹೋಗದ ಬಿಳಿ ಕಲೆಯನ್ನು ಅವರೂ ಕಂಡರು, ನಾನೂ ಕಂಡಿದ್ದೆ. ಕಂಡ ಮೇಲೆ ಅವರು ಚೀಟಿ ಬರೆದರು.

ಈಗ ದಾರಿ ಹತ್ತಿರವಾಗಿದೆ. ಟಿ.ಎಂ.ಎ. ಪೈಗಳು 1953ರಲ್ಲಿ ಮಣಿಪಾಲದ ಬೋಳುಗುಡ್ಡದಲ್ಲಿ ಶುರುಮಾಡಿದ ವೈದ್ಯಕೀಯ ಕಾಲೇಜಿನ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಇಂದು ಕ್ಯಾನ್ಸರಿಗೆಂದೇ ಪ್ರತ್ಯೇಕ ವಿಭಾಗ, ಕಟ್ಟಡ ಇವೆ. ಉಚ್ಚಿಲದಿಂದ ಒಂದು ಗಂಟೆಯ ಬಸ್ಸಿನ ದಾರಿ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಆಧಾರವಿದೆ. 30 ವರ್ಷ ದಾಟಿದವರ ಬಾಯಿ, ಸ್ತನ, ಗರ್ಭಕಂಠಗಳನ್ನು ಊರಿನಲ್ಲೇ ತಪಾಸಣೆ ಮಾಡುವ ಕ್ರಮವನ್ನು ಕೇಂದ್ರ ಸರಕಾರ 2016ರಲ್ಲಿ ಗೊತ್ತುಮಾಡಿದೆ. ಆದರೂ ಗಂಟು ಕುತ್ತಿಗೆಗೆ ಇಳಿದ ಮೇಲೆ ಬರುವವರು ಇದ್ದೇ ಇದ್ದಾರೆ. ಮನೆಯಿಂದ ಆಸ್ಪತ್ರೆಗೆ ಬಸ್ಸಿದೆ. ಸಂಶಯದಿಂದ ಮಾತಿಗೆ ಬರುವ ದಾರಿಗೆ ಯಾವ ಸರಕಾರವೂ ಬಸ್ಸು ಹಾಕಲಾರದು.

ನಾಲ್ಕಾರು ವರ್ಷಗಳ ಹಿಂದೆ ನಮ್ಮ ಕೇರಿಯ ಒಬ್ಬ ಹುಡುಗ, ದೋಣಿಗೆ ಹೋಗುವವ, ನನ್ನ ಹಳೆಯ ವಿದ್ಯಾರ್ಥಿ, ದಾರಿಯಲ್ಲಿ ಸಿಕ್ಕಿದ. ಮಾತಾಡುವಾಗ ಬಾಯಿ ಬಿಗಿದಂತೆ ಕಂಡಿತು.

“ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಯೊಳಗೆ ಹಾಕು ನೋಡುವಾ” ಎಂದೆ.

“ಎಂತ ಮಾಸ್ಟ್ರೇ, ಈ ಪ್ರಾಯದಲ್ಲಿ ಡ್ರಿಲ್ಲಾ?” ಎಂದು ನಕ್ಕ. ಎರಡು ಬೆರಳು ಮಾತ್ರ ಹೋಯಿತು.

ಮನೆಗೆ ಕರೆದು ಟಾರ್ಚು ಹಿಡಿದೆ. ಕೆನ್ನೆಯ ಒಳಗೆ ಅದೇ ಬಿಳಿ, ಅಂಚಿನಲ್ಲಿ ಸಣ್ಣ ಹುಣ್ಣು. ನನ್ನ ಕೈ ನಡುಗಿತು. “ಇದು ಕ್ಯಾನ್ಸರ್ ಇರಬಹುದು, ಇಲ್ಲದಿರಲೂಬಹುದು. ನಾಳೆ ಬೆಳಿಗ್ಗೆ ಮಣಿಪಾಲಕ್ಕೆ ಹೋಗುವುದು, ನಾನೂ ಬರುತ್ತೇನೆ” ಎಂದೆ. ಅವನ ಹೆಂಡತಿ ಹೆಸರು ಕೇಳಿ ಅಂಗಳದಲ್ಲೇ ಕುಸಿದು ಕುಳಿತಳು. ಅವನ ತಾಯಿ ನನ್ನ ಮುಖ ನೋಡಿ, “ನಾಲಗೆಗೆ ಬೇರೆ ಮಾತು ಸಿಗಲಿಲ್ಲವಾ ಮಾಸ್ಟ್ರೇ?” ಎಂದರು. ಸಿಗುತ್ತಿತ್ತು. 1978ರಲ್ಲಿ ಸಿಕ್ಕಿತ್ತು.

ಪರೀಕ್ಷೆಯಲ್ಲಿ ಕ್ಯಾನ್ಸರೇ ಎಂದು ಬಂತು, ಆದರೆ ಮೊದಲ ಹಂತದ್ದು, ಕುತ್ತಿಗೆಗೆ ಇಳಿದಿರಲಿಲ್ಲ. ಆಪರೇಷನ್ ಆಯಿತು, ಕರೆಂಟಿನ ಅಗತ್ಯ ಬೀಳಲಿಲ್ಲ. ಪಾನ್ ಮಸಾಲೆ ಬಿಟ್ಟಿದ್ದಾನೆ. ಡಾಕ್ಟರು ಹೇಳಿದ ದಿನಕ್ಕೆ ತಪ್ಪದೆ ಹೋಗಿ ತೋರಿಸಿ ಬರುತ್ತಾನೆ. ಬಾಯಿ ಇನ್ನೂ ಪೂರ್ತಿ ತೆರೆಯುವುದಿಲ್ಲ, ಸಾರು ಖಾರವಾದರೆ ಮುಖ ಕಿವುಚುತ್ತಾನೆ. ಮೊನ್ನೆ ಮಳೆ ಬಿಟ್ಟ ಮೇಲೆ ದೋಣಿ ಇಳಿಸಿದ ದಿನ ಅವನ ತಾಯಿ ನಮ್ಮ ಮನೆಗೆ ಒಂದು ತೊಟ್ಟೆಯಲ್ಲಿ ನಾಲ್ಕು ದೊಡ್ಡ ಏಡಿ ತಂದುಕೊಟ್ಟರು. ಕಾಲು ಕಟ್ಟಿರಲಿಲ್ಲ, ತೊಟ್ಟೆಯೊಳಗೆ ಸರಸರ ಎನ್ನುತ್ತಿದ್ದವು.

ನಾನು ಹಿಂದಿನಿಂದಲೇ ಹಿಡಿದೆ.